ಹೆಸರು ಹೇಳದ ಫೋನು ಮತ್ತು ಗೋಡೆಯಾಚೆಯ ಗೋವಿಂದಪ್ಪ

ಮೊಬೈಲಿಗೆ ಹೊಸ ಆ್ಯಪ್ ಹಾಕಿಕೊಳ್ಳುವಾಗ ಮಾರುದ್ದದ ಷರತ್ತುಗಳು ಬರುತ್ತವಲ್ಲ, ಅವನ್ನು ಮೊದಲಿನಿಂದ ಕೊನೆಯವರೆಗೆ ಓದುವ ಜೀವ ಈ ಲೋಕದಲ್ಲಿ ಇದೆಯೇ ಎಂದು ನಿಮಗೆ ಅನುಮಾನವಿದ್ದರೆ, ಇದೆ; ನಾನಿದ್ದೇನೆ. ಉಳಿದವರೆಲ್ಲ ಓದದೆಯೇ 'ಒಪ್ಪಿದೆ' ಎಂದು ಒತ್ತಿ ಮುಂದೆ ಹೋಗುತ್ತಾರೆ. ಅವರಿಗೆ ಮುಂದೆ ಹೋಗಲು ಎಲ್ಲಾದರೂ ಜಾಗವಿರುತ್ತದೆ. ಚಳ್ಳಕೆರೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುವ, ಐವತ್ತು ದಾಟಿದ, ಮದುವೆಯ ಮಾತನ್ನು ತವರಿನವರೂ ಎತ್ತುವುದು ಬಿಟ್ಟಿರುವ ನನ್ನಂಥ ಸರ್ಕಾರಿ ಗುಮಾಸ್ತೆಗೆ ಸಂಜೆ ಹೊತ್ತು ಓದಲು ಏನಾದರೂ ಬೇಕಲ್ಲ. ಗ್ಯಾಸ್ ಒಲೆಯ ಜೊತೆ ಬಂದ ಪುಸ್ತಕವನ್ನೂ ನಾನು ಬಿಟ್ಟಿಲ್ಲ. ಅದರಲ್ಲಿ ಕೊನೆಯ ಅಧ್ಯಾಯ ಚೆನ್ನಾಗಿದೆ.

ಕೊರೊನಾ ಬಂದ ಹೊಸದರಲ್ಲಿ, ಸೋಂಕಿತರ ಹತ್ತಿರ ಸುಳಿದವರನ್ನು ಪತ್ತೆ ಹಚ್ಚುವ ಆ್ಯಪನ್ನು ಎಲ್ಲ ನೌಕರರೂ ಹಾಕಿಕೊಳ್ಳತಕ್ಕದ್ದು ಎಂದು ಆಫೀಸಿನಿಂದ ಆದೇಶ ಬಂತು. ನನ್ನ ಪಕ್ಕದ ಮೇಜಿನ ಪಾಲಯ್ಯ ಫೋನ್ ಮಾಡಿ, "ಮೇಡಂ, ಹಾಕ್ಕೋಬ್ಯಾಡ್ರಿ. ನೀವು ಎಲ್ಲಿ ಹೋಗ್ತೀರಾ, ಯಾರ ಜೊತೆ ಕುಂತ್ಕಂಡ್ರಿ, ಎಲ್ಲಾ ಮೇಲಕ್ಕೆ ಹೋಗ್ತೈತಂತೆ. ನಮ್ಮ ಗುಟ್ಟು ನಮಗೆ ಉಳಿಯಲ್ಲ" ಎಂದ. ಪಾಲಯ್ಯನ ಗುಟ್ಟೆಂದರೆ ಊಟವಾದ ಮೇಲೆ ರೆಕಾರ್ಡ್ ರೂಮಿನಲ್ಲಿ ನಿದ್ದೆ ಹೊಡೆಯುವುದು. ಅದು ಮೇಲಕ್ಕೆ ಹೋಗಲು ಆ್ಯಪ್ ಬೇಕಿರಲಿಲ್ಲ, ಗೊರಕೆಯೇ ಸಾಕಾಗಿತ್ತು.

ನಾನು ಷರತ್ತುಗಳನ್ನು ಓದಿದೆ. ಹತ್ತಿರ ಬಂದ ಎರಡು ಫೋನುಗಳು ಒಂದಕ್ಕೊಂದು ಹೆಸರು ಹೇಳಿಕೊಳ್ಳುವುದಿಲ್ಲವಂತೆ, ಒಂದು ಸಂಖ್ಯೆಯನ್ನು ಮಾತ್ರ ಕೊಟ್ಟುಕೊಳ್ಳುತ್ತವಂತೆ. ಆ ಸಂಖ್ಯೆಯೂ ಆಗಾಗ ಬದಲಾಗುತ್ತದಂತೆ. ಯಾರಿಗಾದರೂ ರೋಗ ಬಂದರೆ 'ನಿಮ್ಮ ಸಮೀಪ ಸೋಂಕಿತರಿದ್ದರು' ಎಂದಷ್ಟೇ ಹೇಳುತ್ತದೆ. ಯಾರು, ಎಲ್ಲಿ ಎಂದು ಬಾಯಿ ಬಿಡುವುದಿಲ್ಲ. ಓದಿ ನನಗೆ ಕೈ ಮುಗಿಯಬೇಕೆನಿಸಿತು. ಇಷ್ಟು ಮರ್ಯಾದಸ್ಥರು ನಮ್ಮ ಬೀದಿಯಲ್ಲಿ ಹುಟ್ಟಿಯೇ ಇಲ್ಲ. ನಮ್ಮ ಬೀದಿಯಲ್ಲಿ ಸಂಪರ್ಕ ಪತ್ತೆ ಮಾಡುತ್ತಿದ್ದವಳು ಎದುರು ಮನೆಯ ಮಾರಕ್ಕ. ನನ್ನ ಮನೆಯ ಒಡತಿ ಆಕೆಯೇ. ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಾ, ಯಾರ ಮನೆಗೆ ಯಾರು ಬಂದರು, ಕೈಯಲ್ಲಿ ಏನಿತ್ತು, ಹೋಗುವಾಗ ಮುಖ ಹೇಗಿತ್ತು ಎಂಬುದನ್ನೆಲ್ಲ ಹೆಸರು ಸಮೇತ ಸಾರುತ್ತಿದ್ದಳು.

ಆ್ಯಪ್ ಹಾಕಿಕೊಂಡೆ. ಲಾಕ್‌ಡೌನ್ ಆಗಿ ಆಫೀಸು ಮುಚ್ಚಿತ್ತು. ಊರಿನವರೆಲ್ಲ ಒಂಟಿತನ, ಬೇಸರ ಎಂದು ಗೋಳಾಡುತ್ತಿದ್ದರು. ನನಗೆ ನಿಜ ಹೇಳಬೇಕೆಂದರೆ ಒಂದು ತರಹ ಸಮಾಧಾನವಾಗಿತ್ತು. ಭಾನುವಾರಗಳಲ್ಲಿ ನಾನು ಇರುತ್ತಿದ್ದುದೇ ಹಾಗೆ, ಈಗ ಜಗತ್ತೆಲ್ಲ ನನ್ನ ಭಾನುವಾರಕ್ಕೆ ಬಂದು ಸೇರಿತ್ತು. ಬೆಳಗ್ಗೆ ಎದ್ದು ಕಾಫಿ ಕುಡಿಯುತ್ತಾ ಆ್ಯಪ್ ತೆರೆಯುವುದು ಅಭ್ಯಾಸವಾಯಿತು. 'ನೀವು ಸುರಕ್ಷಿತವಾಗಿದ್ದೀರಿ' ಎಂದು ಹಸಿರು ಬಣ್ಣದಲ್ಲಿ ಬರುತ್ತಿತ್ತು. ನನ್ನ ಕ್ಷೇಮವನ್ನು ದಿನಾ ತಪ್ಪದೆ ಹೇಳುವ ಇನ್ನೊಬ್ಬರು ಆಗ ನನಗಿರಲಿಲ್ಲ. ಎರಡು ಸಲ ನೋಡುತ್ತಿದ್ದೆ.

ಒಂದು ಬೆಳಗ್ಗೆ ಹಸಿರು ಹೋಗಿ ಕಿತ್ತಳೆ ಬಣ್ಣ ಬಂತು. ನಿಮ್ಮ ಸಮೀಪ ಸೋಂಕಿತರಿದ್ದರು.

ಕಾಫಿ ಲೋಟ ಕೆಳಗಿಟ್ಟು ಮತ್ತೊಮ್ಮೆ ಓದಿದೆ. ಆಮೇಲೆ ಆಶ್ಚರ್ಯವಾಯಿತು, ನನ್ನ ಸಮೀಪ ಯಾರಿದ್ದರು? ಹಾಲಿನವನು ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದ. ತರಕಾರಿ ಗಾಡಿಯ ಸಾಬರು ದೂರದಿಂದಲೇ ತಕ್ಕಡಿ ಚಾಚುತ್ತಿದ್ದರು, ಅವರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ನನ್ನ ಮಂಚದ ಮೇಲೆ ಕೂತು ಯೋಚಿಸುತ್ತಿರುವಾಗ ಗೋಡೆಯಾಚೆ ಯಾರೋ ಕೆಮ್ಮಿದರು.

ನಾನಿರುವುದು ಮಾರಕ್ಕ ಬಾಡಿಗೆಗೆ ಕೊಟ್ಟ ಮನೆಯ ಅರ್ಧ ಭಾಗದಲ್ಲಿ. ಇನ್ನರ್ಧವನ್ನು ಮೊಳಕಾಲ್ಮೂರಿನ ಗೋವಿಂದಪ್ಪ ಎಂಬ ಸೀರೆ ವ್ಯಾಪಾರಿ ಹಿಡಿದಿದ್ದ. ತನ್ನ ಊರಿನ ರೇಷ್ಮೆ ಸೀರೆಗಳ ಗಂಟು ಅಲ್ಲಿಟ್ಟುಕೊಂಡು, ಆಗೊಮ್ಮೆ ಈಗೊಮ್ಮೆ ಬಂದು ಮನೆಮನೆಗೆ ಮಾರಿ ಹೋಗುತ್ತಿದ್ದ. ನಾನು ನೋಡಿದ್ದು ಅವನ ಬೆನ್ನು ಮತ್ತು ಬೆನ್ನ ಮೇಲಿನ ಗಂಟು ಮಾತ್ರ. ಬಸ್ಸು ನಿಂತು ಅವನು ಇಲ್ಲೇ ಸಿಕ್ಕಿಹಾಕಿಕೊಂಡಿದ್ದ. ಈಚೆ ನನ್ನ ಮಂಚ, ಆಚೆ ಅವನ ಹಾಸಿಗೆ, ನಡುವೆ ಒಂದು ಇಟ್ಟಿಗೆಯ ಗೋಡೆ. ಮನುಷ್ಯರನ್ನು ತಡೆಯುವ ಗೋಡೆ ಫೋನುಗಳನ್ನು ತಡೆದಿರಲಿಲ್ಲ. ಆ್ಯಪ್ ಕೊಟ್ಟ ಮಾತಿನಂತೆ ಹೆಸರು ಹೇಳಲಿಲ್ಲ, ಪಾಪ. ಗುಂಪಿನಲ್ಲಿ ಗೋವಿಂದ ಎನ್ನುತ್ತಾರಲ್ಲ, ಅದೇ ಅದರ ಲೆಕ್ಕಾಚಾರ. ಆದರೆ ನನ್ನ ಗುಂಪಿನಲ್ಲಿ ಇದ್ದವನೇ ಒಬ್ಬ ಗೋವಿಂದ.

ಗೋಡೆ ತಟ್ಟಿದೆ. "ಗೋವಿಂದಪ್ಪನವ್ರೇ, ಹುಷಾರಿಲ್ವಾ?"

ಕೆಮ್ಮು ಗಪ್ಪನೆ ನಿಂತಿತು. ಸಣ್ಣ ದನಿಯೊಂದು ಬಂತು. "ನಿಮಗೆ ಹೆಂಗೆ ಗೊತ್ತಾತಕ್ಕ?"

"ಫೋನು ಹೇಳ್ತು."

"ಅಮ್ಮೋ! ಯಾರ ಹೆಸ್ರೂ ಹೇಳಲ್ಲ ಅಂದಿದ್ರಲ್ಲ ಆಸ್ಪತ್ರೆಯೋರು!"

"ಹೆಸ್ರು ಹೇಳ್ಲಿಲ್ಲ ಕಣಪ್ಪ. ನನಗೆ ಬೇರೆ ಯಾರೂ ಇಲ್ಲ, ಅಷ್ಟೇ."

ಅಂದ ಮೇಲೆ, ಹೀಗೆ ಅನ್ನಬಾರದಿತ್ತು ಅನ್ನಿಸಿತು. ಆಮೇಲೆ ಅವನೇ ಶುರು ಮಾಡಿದ. "ಅಕ್ಕ, ಕೈ ಮುಗಿತೀನಿ, ಯಾರಿಗೂ ಹೇಳ್ಬ್ಯಾಡ್ರಿ. ಹಾಸಿಗೆ ಖಾಲಿ ಇಲ್ಲ, ಮನೇಲೇ ಇರು ಅಂದ ಆಸ್ಪತ್ರೆಯೋರು ದಿನಾ ಫೋನ್ ಮಾಡಿ ವಿಚಾರಿಸ್ತಾರೆ, ನಾನು ಹೊಸ್ತಿಲು ದಾಟಲ್ಲ. ಆದ್ರೆ ಸೀರೆಯೋನಿಗೆ ಕೊರೊನಾ ಅಂತ ಗೊತ್ತಾದ್ರೆ ಈ ಊರಾಗೆ ನನ್ನ ಸೀರೆ ಯಾರು ಮುಟ್ತಾರೆ? ಮದುವೆ ಹೆಣ್ಣಿಗೆ ಯಾರು ಉಡಿಸ್ತಾರೆ?"

ಯಾರೂ ಉಡಿಸುವುದಿಲ್ಲ, ನನಗೆ ಗೊತ್ತಿತ್ತು. ಮಾರಕ್ಕನ ಬಾಯಿಗೆ ಒಮ್ಮೆ ಬಿದ್ದರೆ ಅವನು ರೋಗ ವಾಸಿಯಾಗಿ ಎಷ್ಟು ವರ್ಷ ಕಳೆದರೂ 'ಕೊರೊನಾ ಗೋವಿಂದಪ್ಪ'ನೇ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಅಂದಿನಿಂದ ಎರಡು ಜನಕ್ಕೆ ಅಡುಗೆ. ಹಿತ್ತಲಿನಲ್ಲಿ ನಮ್ಮಿಬ್ಬರ ನಡುವೆ ಎದೆಮಟ್ಟದ ಕಾಂಪೌಂಡಿತ್ತು. ಅದರ ಮೇಲೆ ಗಂಜಿ, ಮೆಣಸಿನ ಸಾರು ಇಟ್ಟು ನಾನು ಒಳಗೆ ಬಂದ ಮೇಲೆ ಟವೆಲ್ ಸುತ್ತಿಕೊಂಡ ತಲೆಯೊಂದು ಬಂದು ತೆಗೆದುಕೊಂಡು ಹೋಗುತ್ತಿತ್ತು. ಒಬ್ಬಳಿಗೇ ಅಡುಗೆ ಮಾಡಿ ಮಾಡಿ ನನಗೆ ಅಳತೆಯೇ ತಪ್ಪಿಹೋಗಿತ್ತು. ಮೊದಲ ದಿನ ಉಪ್ಪು ಹೆಚ್ಚಾದದ್ದಕ್ಕೆ ಅವನು ರೋಗದಿಂದ ತನ್ನ ಬಾಯಿ ರುಚಿ ಕೆಟ್ಟಿದೆ ಎಂದು ತಿಳಿದುಕೊಂಡ, ನಾನೂ ಹಾಗೇ ಬಿಟ್ಟೆ. ಸಂಜೆ ಗೋಡೆಗೆ ಒರಗಿ ಮಾತಾಡುತ್ತಿದ್ದೆವು. ಅವನ ಮನೆ ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಮುಂದೆ ಬೇವಿನ ಮರ, ನಡುಮನೆಯಲ್ಲೇ ಮಗ್ಗ, ಹೆಂಡತಿಯ ಹೆಸರು ಲಕ್ಷ್ಮಿದೇವಿ, ಬಲು ಅನುಮಾನದವಳು. ನಾನು ಏನು ಹೇಳಿದೆನೋ ನೆನಪಿಲ್ಲ. ಬಹಳ ಹೇಳಿದೆ ಎಂಬುದು ಮಾತ್ರ ನೆನಪಿದೆ.

ಮಾರಕ್ಕ ಸುಮ್ಮನಿರುತ್ತಾಳೆಯೇ? ಗೇಟಿನಲ್ಲಿ ಎರಡು ಹಾಲಿನ ಪ್ಯಾಕೆಟ್ ಕಂಡ ದಿನವೇ ಜಗಲಿಯಿಂದ ಕೂಗಿದಳು. "ಏ ಸುಶೀಲಾ, ಒಬ್ಬಾಕಿಗೆ ಎಲ್ಡು ಪ್ಯಾಕೇಟ್ ಯಾಕೆ? ಕೆಮ್ಮಿದ್ದು ಯಾರು ಅಲ್ಲಿ? ಆ ಸೀರೆಯೋನಾ?"

ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ನಾನೇ ಮಾರಕ್ಕ. ಜ್ವರ."

ಅರ್ಧ ಗಂಟೆಯಲ್ಲಿ ಬೀದಿಯ ಕಿಟಕಿಗಳೆಲ್ಲ ಮುಚ್ಚಿದವು. ನನಗೇನೂ ವ್ಯತ್ಯಾಸವಾಗಲಿಲ್ಲ. ಮೊದಲಾದರೂ ಆ ಕಿಟಕಿಗಳಿಂದ ನನ್ನನ್ನು ಯಾರು ಕರೆಯುತ್ತಿದ್ದರು? ಕಷ್ಟವಾದದ್ದು ಕೆಮ್ಮಿನ ವಿಚಾರದಲ್ಲಿ. ಗೋವಿಂದಪ್ಪ ಕೆಮ್ಮಿದಾಗಲೆಲ್ಲ ನಾನು ಓಡಿಬಂದು, ಸೆರಗು ಬಾಯಿಗಿಟ್ಟುಕೊಂಡು, ಕಿಟಕಿಯಲ್ಲಿ ಭುಜ ಕುಣಿಸಬೇಕಾಗಿತ್ತು. ನಾಟಕದಲ್ಲಿ ಹಿಂದೆ ಯಾರೋ ಹಾಡಿದರೆ ಮುಂದೆ ಬಾಯಾಡಿಸುವವರ ಪಾಡು. ಮಾರಕ್ಕ ಬೈದುಕೊಳ್ಳುತ್ತಲೇ ಶುಂಠಿ ಕಷಾಯದ ಚೊಂಬನ್ನು ಪೊರಕೆಯ ಹಿಡಿಯಿಂದ ನನ್ನ ಗೇಟಿನೊಳಕ್ಕೆ ತಳ್ಳಿ ಓಡುತ್ತಿದ್ದಳು. ನನಗಾಗಿ ಒಬ್ಬರು ಒಲೆ ಹಚ್ಚಿದ್ದು ಎಷ್ಟೋ ಕಾಲವಾಗಿತ್ತು. ಸುಳ್ಳು ರೋಗಿಗೆ ಬಂದ ಆ ಕಷಾಯವನ್ನು ನಿಜವಾದ ರೋಗಿಗೆ ದಾಟಿಸುವ ಮುಂಚೆ ಒಂದು ಗುಟುಕು ನಾನೂ ಕುಡಿಯುತ್ತಿದ್ದೆ.

ಒಂದು ಮಧ್ಯಾಹ್ನ ಗೋಡೆಯಾಚೆ ಸದ್ದೇ ಇಲ್ಲ. ಬೆಳಗಿನ ಗಂಜಿ ಕಾಂಪೌಂಡಿನ ಮೇಲೆ ಕೆನೆಗಟ್ಟಿ ಕೂತಿತ್ತು. ಗೋಡೆ ತಟ್ಟಿದೆ, ಗುದ್ದಿದೆ, ಲಟ್ಟಣಿಗೆಯಿಂದ ಬಡಿದೆ. ಉತ್ತರವಿಲ್ಲ. ಬೀದಿಗೆ ಗೊತ್ತಾಗಬಾರದೆಂದು ಕೊಟ್ಟ ಮಾತು ಹಿಡಿದುಕೊಂಡು ಕೂತರೆ, ಆಚೆ ಒಬ್ಬ ಮನುಷ್ಯನ ಉಸಿರು ನಿಲ್ಲುತ್ತಿದ್ದರೆ? ಅಂಗಳಕ್ಕೆ ಬಂದವಳೇ ಗಂಟಲು ಹರಿಯುವಂತೆ ಕೂಗಿದೆ. "ಗೋವಿಂದಪ್ಪಾ! ಏಳಪ್ಪಾ ಗೋವಿಂದಪ್ಪಾ!"

ಮುಚ್ಚಿದ್ದ ಕಿಟಕಿಗಳೆಲ್ಲ ತೆರೆದವು. ಮಾರಕ್ಕ ಎದೆ ಬಡಿದುಕೊಂಡಳು. "ಅಯ್ಯಯ್ಯೋ, ಸುಶೀಲಂಗೆ ಜ್ವರ ನೆತ್ತಿಗೇರೈತೆ ಕಣ್ರೋ! ಪಕ್ಕದ ಮನೆ ಗಂಡಸಿನ ಹೆಸ್ರು ಹಿಡ್ಕಂಡು ಕೂಗ್ತಾಳೆ!"

ಬೀದಿಯಲ್ಲಿ ನಗೆ ಎದ್ದಿತು. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆಯಿತು. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ ಗೋವಿಂದಪ್ಪ ಚೌಕಟ್ಟು ಹಿಡಿದು ನಿಂತಿದ್ದ. ಜ್ವರ ಬಿಟ್ಟು, ಎಷ್ಟೋ ದಿನದ ಮೇಲೆ ಮೈಮರೆತು ನಿದ್ದೆ ಹೋಗಿದ್ದನಂತೆ. ಅವನು ಬೀದಿಯನ್ನು ನೋಡಿದ, ಮಾಸ್ಕಿನ ಮೇಲೆ ಕಾಣುತ್ತಿದ್ದ ನನ್ನ ಕಣ್ಣುಗಳನ್ನು ನೋಡಿದ.

"ಮಾರಕ್ಕ, ನಗಬ್ಯಾಡ್ರಿ. ರೋಗ ನಂದು. ಆಯಮ್ಮಂಗೆ ಏನೂ ಆಗಿಲ್ಲ. ನನ್ನ ಹೆಸ್ರು ಮುಚ್ಚಿಡಾಕೆ ತನ್ನ ತಲೆ ಮ್ಯಾಲೆ ಹಾಕ್ಕಂಡೈತೆ" ಎಂದ. ಹೇಳಿ ಬಾಗಿಲು ಹಾಕಿಕೊಂಡ.

ಅವನಂದುಕೊಂಡಂತೆಯೇ ಆಯಿತು. ಬೀದಿಯ ಹೆಂಗಸರು ಹಿಂದೆ ಕೊಂಡಿದ್ದ ಸೀರೆಗಳನ್ನೂ ಬಿಸಿಲಿಗೆ ಹರವಿದರು. ಮಾರಕ್ಕ ಮನೆ ಖಾಲಿ ಮಾಡು ಎಂದಳು. ಓಡಾಟ ಶುರುವಾದ ದಿನವೇ ಅವನು ಗೂಡ್ಸ್ ಆಟೊಗೆ ಗಂಟುಗಳನ್ನು ಹೇರಿ, ಗೇಟಿನ ಹತ್ತಿರ ನಿಂತು, ಟವೆಲ್ಲಿನೊಳಗಿಂದಲೇ "ಬರ್ತೀನಕ್ಕ" ಎಂದ. ನಾನು ಮಾಸ್ಕಿನೊಳಗಿಂದಲೇ "ಹೂಂ" ಎಂದೆ. ಮರುದಿನ ಆ್ಯಪ್ ಮತ್ತೆ ಹಸಿರಾಗಿತ್ತು. ಆ ಹಸಿರನ್ನು ನೋಡಲಾಗದೆ ಆ್ಯಪ್ ತೆಗೆದುಹಾಕಿದೆ.

ಒಂದು ವರ್ಷವೋ ಏನೋ ಕಳೆಯಿತು. ಪಾಲಯ್ಯನ ಮಗಳ ಮದುವೆಗೆ ಸೀರೆ ಬೇಕೆಂದು ನೆವ ಮಾಡಿಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಕೊಂಡ್ಲಹಳ್ಳಿ ದಾಟುವವರೆಗೂ, ಸೀರೆಗೇ ಹೋಗುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಬೇವಿನ ಮರದ ಮನೆ ಸಿಕ್ಕಿತು. ಒಳಗೆ ಮಗ್ಗದ ಸದ್ದು. ಚಾಪೆಯ ಮೇಲೆ ಸೀರೆ ಹರಡಿಕೊಂಡು ಕೂತಿದ್ದ ದಪ್ಪ ಮೀಸೆಯವನು "ಬನ್ರಿ ಅಕ್ಕ, ಏನ್ ತೋರಿಸ್ಲಿ?" ಎಂದ. ಗೋಡೆಯಾಚೆಯ ಅದೇ ದನಿ. ಅವನಿಗೆ ನನ್ನ ಗುರುತು ಹತ್ತಲಿಲ್ಲ.

ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ದನಿಯಿಂದ ಗುರುತು ಹಿಡಿಯುತ್ತಾನೆ. ದನಿ ಕೇಳಿದ ಮೇಲೂ ಹಿಡಿಯದಿದ್ದರೆ? ಆ ಭಯಕ್ಕೆ ಬೆರಳು ತೋರಿಸುತ್ತಾ ಕೂತೆ. ಮೂಗಿ ಎಂದುಕೊಂಡಿರಬೇಕು, ಪಾಪ, ಜೋರಾಗಿ, ನಿಧಾನವಾಗಿ, ಕೈಸನ್ನೆ ಮಾಡುತ್ತಾ ಅಂಚು ಸೆರಗು ವಿವರಿಸಿದ. ಕೊನೆಗೆ ಬೆಲೆ ಹೇಳಿದ. ಆಗ ತಡೆಯಲಾಗಲಿಲ್ಲ. ಸೀರೆಗೆ ಚೌಕಾಸಿ ಮಾಡದೆ ಬಾಯಿ ಕಟ್ಟಿಕೊಳ್ಳುವುದು ಯಾವ ಹೆಂಗಸಿನಿಂದಾಗುತ್ತದೆ?

"ಅಷ್ಟೊಂದು ಎಲ್ಲಾದ್ರೂ ಉಂಟಾ ಗೋವಿಂದಪ್ಪನವ್ರೇ?"

ಅವನ ಕೈಯಿಂದ ಸೀರೆ ಜಾರಿತು. "ಸುಶೀಲಕ್ಕ!" ಎಂದವನ ಕಣ್ಣು ತುಂಬಿತು. "ಲೇ ಲಕ್ಷ್ಮೀ, ಬಾ ಇಲ್ಲಿ! ಚಳ್ಳಕೆರೆ ಅಕ್ಕ ಬಂದೈತೆ!"

ಮಗ್ಗ ನಿಂತಿತು. ಲಕ್ಷ್ಮಿದೇವಿ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗಂಡನ ಕಡೆ ತಿರುಗಿ ತೆಲುಗಿನಲ್ಲಿ "ಈಮೇನಾ?" ಎಂದಳು. ಇವಳೇನಾ ಎಂಬ ಆ ಒಂದು ಮಾತಿನಲ್ಲಿ ಬಹಳ ಪ್ರಶ್ನೆಗಳಿದ್ದವು. ಆಮೇಲೆ ಕನ್ನಡದಲ್ಲಿ, "ಎಪ್ಪತ್ತು ದಾಟಿದ ಮುದುಕಮ್ಮ ಗಂಜಿ ಮಾಡಿ ಹಾಕ್ತೈತೆ ಅಂದಿದ್ಯಲ್ಲ ನೀನು?" ಎಂದಳು.

ಗೋವಿಂದಪ್ಪನ ಮುಖ ಬೆವರಿತು. ಹೆಂಡತಿಯ ನೆಮ್ಮದಿಗೋಸ್ಕರ ನನ್ನ ವಯಸ್ಸಿಗೆ ಇಪ್ಪತ್ತು ವರ್ಷ ಸೇರಿಸಿಬಿಟ್ಟಿದ್ದ ಮಹಾನುಭಾವ. ಅವಳ ಬೆನ್ನ ಹಿಂದಿನಿಂದ ನನಗೆ ಕೈ ಮುಗಿದ.

"ಹೂಂ ಕಣವ್ವ, ಎಪ್ಪತ್ತು ದಾಟ್ತು" ಎಂದೆ. "ನೋಡಾಕೆ ಹಂಗೆ ಕಾಣಲ್ಲ, ಅಷ್ಟೇ."

ಲಕ್ಷ್ಮಿದೇವಿ ಮತ್ತೊಮ್ಮೆ ನನ್ನ ಮುಖ ನೋಡಿದಳು. ನೋಡನೋಡುತ್ತ ಅವಳ ಹುಬ್ಬಿನ ಗಂಟು ಸಡಿಲವಾಯಿತು. "ಹೌದ್ ಬಿಡವ್ವ, ಹತ್ರದಿಂದ ನೋಡಿದ್ರೆ ಗೊತ್ತಾಗ್ತೈತೆ" ಎಂದು ಹೇಳಿ, ನನ್ನ ಮೊಣಕೈ ಹಿಡಿದು, ಹುಷಾರಾಗಿ ಗೋಡೆಗೆ ಒರಗಿಸಿ ಕೂರಿಸಿದಳು. ಅಂದು ಬೆಳಗ್ಗೆ ಬಸ್ಸು ಹತ್ತುವ ಮುಂಚೆ ತಲೆಗೆ ಬಣ್ಣ ಹಚ್ಚಿಕೊಂಡು, ಒಣಗುವವರೆಗೆ ಕಾದು, ಎರಡೆರಡು ಸಲ ಕನ್ನಡಿ ನೋಡಿಕೊಂಡು ಬಂದಿದ್ದೆ ನಾನು.