ಷಡ್ಡಕನ ಬೋಟು ಸೋರಿದ್ದು

ಪಂಪು, ಎಂಜಿನ್ನು ರಿಪೇರಿ ಮಾಡಿ ಬದುಕುವವನಿಗೆ ಸೋರಿಕೆ ತಪ್ಪಿದ್ದಲ್ಲ. ಒಂದು ಕಡೆ ಬಿಗಿ ಮಾಡಿದರೆ ಇನ್ನೊಂದು ಕಡೆ ಜಿನುಗುತ್ತದೆ, ಅದರ ಹಿಂದೆಯೇ ಏನಾದರೂ ನಗೆಪಾಟಲೂ ಬರುತ್ತದೆ. ಮಕ್ತಲ್‌ನ ನನ್ನ ಅಂಗಡಿಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆದರೆ ಮನೆಯವರು ಇವತ್ತಿಗೂ ಹೇಳಿಸಿಕೊಂಡು ನಗುವುದು ಒಂದು ಬೋಟಿನ ಕತೆಯನ್ನು. ನನ್ನದು ಮಾತು ಕಡಿಮೆ, ಹೇಳುವವಳು ನನ್ನ ಹೆಂಡತಿ. ಅವಳು ಹೇಳಿದಷ್ಟು ಸಲವೂ ಅದರಲ್ಲಿ ನನ್ನ ಮರ್ಯಾದೆ ಸ್ವಲ್ಪ ಸ್ವಲ್ಪವೇ ಸವೆಯುತ್ತಿರುವುದರಿಂದ ನಾನೇ ಬರೆದಿಡುವುದು ಮೇಲೆನಿಸಿತು.

೧. ಜಾಕೀಟಿನ ಫೋಟೋ

ತೆಲಂಗಾಣ ಬೇರೆ ರಾಜ್ಯವಾಗಿ, ಗದ್ವಾಲ ಜಿಲ್ಲೆಯಾಗಿ, ನಮ್ಮ ಕಡೆಯ ನಾರಾಯಣಪೇಟೆ ಮಾತ್ರ ಇನ್ನೂ ಜಿಲ್ಲೆಯಾಗದೆ ಕಾಯುತ್ತಿದ್ದ ಕಾಲ ಅದು. ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಗದ್ವಾಲದಲ್ಲಿ ನನ್ನಂತೆಯೇ ರಿಪೇರಿ ಅಂಗಡಿ ಇಟ್ಟವನು. ಜಿಲ್ಲೆಯಾದ ದಿನ ಫೋನು ಮಾಡಿ, "ಅಣ್ಣಾ, ಏನರ ಕೆಲಸ ಇದ್ರ ಸಂಕೋಚ ಮಾಡಬ್ಯಾಡ್ರಿ. ನಾವೀಗ ಜಿಲ್ಲಾದವ್ರು" ಎಂದಿದ್ದ.

ಅದನ್ನಾದರೂ ನುಂಗಿಕೊಂಡಿದ್ದೆ. ಅಷ್ಟರಲ್ಲಿ ಐಜದ ಹತ್ತಿ ಸಾಹುಕಾರರೊಬ್ಬರು ರಜೆಯ ದಿನ ಮನೆಮಂದಿಯನ್ನು ಕೃಷ್ಣೆಯ ಹಿನ್ನೀರಿನಲ್ಲಿ ಸುತ್ತಾಡಿಸಲು ಹೈದರಾಬಾದ್ ಕಡೆಯಿಂದ ಒಂದು ಹಳೆಯ ಮೋಟಾರು ಬೋಟು ಕೊಂಡು ತಂದರು. ಅದರ ಉಸ್ತುವಾರಿ ಷಡ್ಡಕನಿಗೆ ಸಿಕ್ಕಿತು. ಅವನು ಕಿತ್ತಳೆ ಬಣ್ಣದ ಜಾಕೀಟು ತೊಟ್ಟು, ಸ್ಟೇರಿಂಗ್ ಹಿಡಿದು, ದೂರದಲ್ಲಿ ಏನೋ ಕಂಡವನಂತೆ ಕಣ್ಣು ಕಿರಿದು ಮಾಡಿ ಫೋಟೋ ತೆಗೆಸಿಕೊಂಡ. ನಾರಾಯಣಪೇಟೆಯ ಅತ್ತೆ ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ಅಲ್ಲಿ ಮೊದಲಿದ್ದದ್ದು ನಮ್ಮ ಮದುವೆಯ ಫೋಟೋ.

"ನಮ್ಮ ಫೋಟೋ ಎಲ್ಲೈತಿ?" ಎಂದು ಹೆಂಡತಿಯನ್ನು ಕೇಳಿದೆ.

"ಅಡಗಿ ಮನ್ಯಾಗ. ಅದರಾಗ ನಾನೂ ಅದೀನಿ. ನಾ ಏನರ ಅಂದ್ನೇನು?"

ನಾನು ಹೋಗಿ ಆ ಹೊಸ ಫೋಟೋವನ್ನು ಹತ್ತಿರದಿಂದ ನೋಡಿದೆ. ಬೋಟು ನಿಂತದ್ದು ನೀರಿನ ಮೇಲಲ್ಲ, ಟ್ರೇಲರಿನ ಮೇಲೆ. ಷಡ್ಡಕನ ಬೆನ್ನ ಹಿಂದೆ ಒಂದು ಎಮ್ಮೆ ಮೇಯುತ್ತಿತ್ತು. ಸುಮ್ಮನಿರಲಾಗಲಿಲ್ಲ. ಅತ್ತೆಯನ್ನು ಕರೆದು ಬೆರಳಿಟ್ಟು ತೋರಿಸಿದೆ.

ಅತ್ತೆ ಕನ್ನಡಕ ಏರಿಸಿಕೊಂಡು ನೋಡಿ, "ಹೌದಲ್ರಿ! ಎಮ್ಮಿನೂ ಎಷ್ಟ ಚಂದ ಬಂದೈತಿ" ಎಂದರು.

೨. ಬಂಗಾರ ಬರುವ ತನಕ

ಕೆಲವು ವಾರಗಳಲ್ಲಿ ಸಾಹುಕಾರರ ಫೋನು ಬಂತು. ಬೋಟಿನ ಹಿಂಭಾಗದ ತಳದಲ್ಲಿ ಕೆಂಪಗಿನ ಎಣ್ಣೆ ಬಂದು ನಿಲ್ಲುತ್ತಿದೆ, ಎಲ್ಲಿಂದ ಬರುತ್ತದೋ ಷಡ್ಡಕನಿಗೆ ತಿಳಿಯುತ್ತಿಲ್ಲ.

"ನೀವೂ ಬಂದು ನೋಡ್ರಿ ಮಿಸ್ತ್ರಿ. ಇಬ್ಬರಾಗ ಯಾರು ಹಿಡೀತಾರೋ ಬೋಟು ಅವರ ಕೈಯಾಗ."

ಆ ಮಧ್ಯಾಹ್ನ ನಾನು ಒಂದು ರೊಟ್ಟಿ ಹೆಚ್ಚಿಗೆ ಉಂಡೆ. ಕಾರಣ ಇತ್ತು. ಹಬ್ಬಕ್ಕೆ ಅತ್ತೆ ಮನೆಯವರೆಲ್ಲ ಆ ಬೋಟಿನಲ್ಲಿ ಸುತ್ತಲು ಬರುವುದೆಂದು ನಿಶ್ಚಯವಾಗಿತ್ತು. ಅವರೆಲ್ಲರ ಕಣ್ಣೆದುರು ಸ್ಟೇರಿಂಗ್ ಹಿಡಿಯುವ ಅಳಿಯ ಯಾರು ಎಂಬುದು ಈಗ ಆ ಎಣ್ಣೆಯ ಮೇಲೆ ನಿಂತಿತ್ತು.

ನಾನು ಹೋಗುವಷ್ಟರಲ್ಲಿ ಷಡ್ಡಕ ಬೋಟಿನೊಳಗೇ ಕೂತಿದ್ದ. ಎಣ್ಣೆಗೆ ಬೆರಳು ಅದ್ದಿ ನಾಲಗೆಗೆ ಹಚ್ಚಿ, "ಅಣ್ಣಾ, ಶೇಂಗಾ ಎಣ್ಣಿ ಇದ್ದಂಗ ಐತ್ರಿ" ಎಂದ. ಅವನ ಇನ್ನೊಂದು ಕೈಯಲ್ಲಿ ಮಿರ್ಚಿ ಭಜಿಯ ಪೊಟ್ಟಣ ಇತ್ತು.

"ನೆಕ್ಕಿದ್ದು ಯಾವ ಕೈ ತಮ್ಮಾ?" ಎಂದೆ. ಸಾಹುಕಾರರು ನಕ್ಕರು. ನನಗೆ ಹಿತವಾಯಿತು.

ಸ್ಟೇರಿಂಗಿನಿಂದ ಹಿಂದಿನ ಎಂಜಿನ್ನಿನವರೆಗೆ ಎಣ್ಣೆಯ ಪೈಪು ಹೋಗಿತ್ತು. ಆ ಎಣ್ಣೆಯೂ ಕೆಂಪೇ. ತಳದಲ್ಲಿ ನಿಂತದ್ದನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದೆ. ನವಿರಾದ ಪುಡಿ ಹತ್ತಿತು. ನಾನು ಓದಿದವನು. ತಡಮಾಡದೆ ಹೇಳಿದೆ: "ಸ್ಟೇರಿಂಗ್ ಒಳಗ ಗಿಯರ್ ಸವದೈತಿ. ಇದು ಕಬ್ಬಣದ ಪುಡಿ."

ಷಡ್ಡಕ ಎದ್ದುಹೋಗಿ ಹಳೆಯ ಸ್ಪೀಕರಿನ ಮ್ಯಾಗ್ನೆಟ್ ತಂದ. ಒಂದು ಕಣವೂ ಅಂಟಲಿಲ್ಲ.

"ಹಿತ್ತಾಳಿ ಇರಬೇಕು" ಎಂದೆ.

"ಹಿತ್ತಾಳಿ ಇಷ್ಟು ಕೆಂಪ ಇರತೈತೇನ್ರಿ ಅಣ್ಣಾ?"

"ಹಂಗಾರ ತಾಮ್ರ."

ಸಾಹುಕಾರರು ಹೆಗಲ ಮೇಲಿನ ಟವೆಲ್ ಕೊಡವಿ ಎದ್ದರು. "ಹಿಂಗ ಮುಂದಕ್ಕ ಹೋಗ್ತಿರ್ರಿ ಮಿಸ್ತ್ರಿ. ಬಂಗಾರ ಬಂದ ಕೂಡ್ಲೆ ನನ್ನ ಕರೀರಿ."

೩. ಪೌಡರು

ಸೋರಿಕೆ ಹುಡುಕುವ ಒಂದು ಉಪಾಯವನ್ನು ನಾನು ಎಲ್ಲೋ ಓದಿದ್ದೆ. ಪೈಪನ್ನು ಚೆನ್ನಾಗಿ ಒರೆಸಿ, ಮೇಲೆ ಮುಖಕ್ಕೆ ಹಚ್ಚುವ ಪೌಡರು ಉದುರಿಸಬೇಕು. ಎಲ್ಲಿ ಒದ್ದೆಯಾಗುತ್ತದೋ ಅಲ್ಲಿ ತೂತು. ಉಪಾಯ ಸರಿಯಾದದ್ದೇ. ಹೆಂಡತಿಯ ಹೊಸ ಡಬ್ಬಿ ಜೇಬಿಗೆ ಹಾಕಿಕೊಂಡು ಹೋಗಿ, ಮುಂದಿನಿಂದ ಹಿಂದಿನವರೆಗೆ ಪೂರ್ತಿ ಖಾಲಿ ಮಾಡಿದೆ.

ಷಡ್ಡಕ ಮೂಗು ಮುಚ್ಚಿಕೊಂಡು, "ಅಣ್ಣಾ, ಲೀಕ್ ಹುಡುಕಾಕತ್ತೀರೋ, ಹೆಣ್ಣ ತೋರಸಾಕತ್ತೀರೋ?" ಎಂದ.

ಬೋಟು ಓಡುವಾಗಲೇ ನೋಡಬೇಕೆಂದು ನೀರಿಗಿಳಿಸಿದೆವು. ಸಾಹುಕಾರರಿಗೆ ನಿಧಾನ ಎಂಬುದು ಗೊತ್ತಿಲ್ಲ. ನಡುನೀರಿಗೆ ಹೋದೊಡನೆ ಪೂರ್ತಿ ಎಕ್ಸಿಲೇಟರ್ ಒತ್ತಿದರು. ಎದುರುಗಾಳಿ ಒಳಗೆ ಹೊಕ್ಕು, ನಾನು ಸಾಲಾಗಿ ಉದುರಿಸಿದ ಪೌಡರನ್ನೆಲ್ಲ ಒಮ್ಮೆಲೇ ಎತ್ತಿ ನಮ್ಮ ಮುಖಕ್ಕೆ ಬಡಿಯಿತು. ಮೂವರೂ ಕೆಮ್ಮುತ್ತ, ಕಣ್ಣುಜ್ಜುತ್ತ ದಂಡೆಗೆ ಬಂದೆವು. ಬೆವರಿದ ಮುಖಗಳ ಮೇಲೆ ಬಿಳಿ ಗಟ್ಟಿಯಾಗಿ ಕೂತಿತ್ತು.

ಬಲೆ ಒಣಹಾಕುತ್ತಿದ್ದ ಮೀನುಗಾರನೊಬ್ಬ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ವಿನಯದಿಂದ ಕೇಳಿದ: "ಬಯಲಾಟ ಇವತ್ತು ಯಾವೂರಾಗ್ರಿ?"

ಮನೆಗೆ ಬಂದರೆ ಹೆಂಡತಿ ಖಾಲಿ ಡಬ್ಬಿ ಹಿಡಿದು ನಿಂತಿದ್ದಳು. "ನನ್ನ ತಂಗಿ ಗಂಡನ ಬೋಟಿಗೆ ಪೌಡರ್ ಹಚ್ಚಾಕ ಹೋಗೀರಿ. ಮದಿವಿ ಆದಾಗಿಂದ ನನಗ ಒಂದು ಡಬ್ಬಿ ತಂದು ಕೊಟ್ಟೀರೇನು? ಇದೂ ನಾನಽ ತಂದದ್ದು."

೪. ಕಲಿಸಬೇಕಾದ ವಿದ್ಯೆ

ವಿಚಿತ್ರವೆಂದರೆ, ಕೆಳಗೆ ಎಣ್ಣೆ ಬರುತ್ತಿತ್ತು, ಆದರೆ ಮೇಲೆ ಸ್ಟೇರಿಂಗಿನ ಎಣ್ಣೆ ಡಬ್ಬಿಯಲ್ಲಿ ಎಳ್ಳಷ್ಟೂ ಇಳಿಯುತ್ತಿರಲಿಲ್ಲ. ಷಡ್ಡಕ ಕದ್ದು ತುಂಬಿಸಿ ತನ್ನ ಮಾನ ಕಾಯ್ದುಕೊಳ್ಳುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ನಾನು ಬಂದಾಗಲೆಲ್ಲ ತಳಕ್ಕೆ ಎಣ್ಣೆ ಸುರಿದುಹೋಗುತ್ತೇನೆ ಎಂದು ಅವನಿಗೆ ಖಾತ್ರಿಯಾಗಿತ್ತು. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಸಂಬಂಧದಲ್ಲಿ ಅಂಥದ್ದು ಹೇಳಬಾರದು. ನಾನು ಡಬ್ಬಿಯ ಮುಚ್ಚಳಕ್ಕೆ ಅರಗು ಹಚ್ಚಿ ನನ್ನ ಉಂಗುರ ಒತ್ತಿದೆ. ಅವನು ತಳದ ಹಲಗೆಗೆ ಬೀಗ ಜಡಿದ.

"ಯಾಕ ತಮ್ಮಾ, ಬೀಗ?"

"ಹಿಂಗಽ ಅಣ್ಣಾ. ನೀವ್ಯಾಕ ಅರಗು?"

"ಹಿಂಗಽ."

ಮರುದಿನ ಸಾಹುಕಾರರು ಬೀಗರನ್ನು ಕರೆದುಕೊಂಡು ಬೋಟು ತೋರಿಸಲು ಹೋದರಂತೆ. ಒಂದು ಕಡೆ ಅರಗು, ಒಂದು ಕಡೆ ಬೀಗ. ಫೋನಿನಲ್ಲಿ ಅವರ ದನಿ ಬಹಳ ಮೆತ್ತಗಿತ್ತು: "ಮಿಸ್ತ್ರಿ, ಒಂದು ಮಾತು ಕೇಳ್ತೀನಿ, ತಪ್ಪ ತಿಳೀಬ್ಯಾಡ್ರಿ. ಬೋಟು ನಂದಽ ಹೌದಲ್ರಿ?"

ಇಬ್ಬರೂ ಓಡಿಹೋಗಿ ಅವರೆದುರೇ ತೆಗೆದೆವು. ಅರಗು ಒಡೆದಿರಲಿಲ್ಲ, ಡಬ್ಬಿ ಪೂರ್ತಿ ತುಂಬಿತ್ತು. ಬೀಗ ಅಲ್ಲಾಡಿರಲಿಲ್ಲ, ತಳದಲ್ಲಿ ಕೆಂಪೆಣ್ಣೆ ಹಾಯಾಗಿ ನಿಂತಿತ್ತು. ನಾನೂ ಷಡ್ಡಕನೂ ಮೊದಲ ಬಾರಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಸಾಹುಕಾರರು ಬಗ್ಗಿ ನೋಡಿದರು. "ಹಾಕಲಾರದ ಎಣ್ಣಿ ಸೋರತೈತಿ ಅಂದ್ರ ಭಾಳ ಚಲೋದಾತು. ಇದನ್ನ ಎಂಜಿನ್ನಿಗೂ ಕಲಿಸ್ರಿ. ಡೀಸಲ್ ಹಾಕೂದು ತಪ್ಪತೈತಿ."

೫. ಕಣ್ಣು

ಹಬ್ಬ ಬಂತು. ನಾಳೆ ಅತ್ತೆಯವರು ಬರುತ್ತಾರೆ, ಇವತ್ತಾದರೂ ಹಿಡಿಯಲೇಬೇಕು. ಬೆಳಿಗ್ಗೆಯೇ ಹೋಗಿ ಸ್ಟೇರಿಂಗಿನ ಕೆಳಗೆ ಅಂಗಾತ ಮಲಗಿ, ಬ್ಯಾಟರಿ ದೀಪ ಬಾಯಲ್ಲಿ ಕಚ್ಚಿ, ಅದರ ಮುಂದಿನ ಫಲಕದ ಹಿಂದೆ ಕೈ ತೂರಿಸಿದೆ. ಕಣ್ಣಿಗೆ ಕಾಣದ ಜಾಗ ಅದು. ಬೆರಳಿಗೆ ಏನೋ ಮೆತ್ತಗೆ ತಾಗಿತು. ಹೊರಗೆ ತೆಗೆದರೆ ಕೈ ಮಣಿಕಟ್ಟಿನವರೆಗೆ ಕೇಸರಿ.

ಫಲಕ ಬಿಚ್ಚಿದೆ. ಅಂಗೈಯಗಲದ ಆಂಜನೇಯ. ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನು ಪದರದ ಮೇಲೆ ಪದರ ಮೆತ್ತಿ, ಮೂಗು ಬಾಯಿ ಕಾಣದ ಹಾಗೆ ಮಾಡಿದ್ದರು. ದಂಡೆಯಲ್ಲಿ ಮೂತಿ ಮೇಲಾಗಿ ನಿಂತ ಬೋಟಿನಲ್ಲಿ ಆ ಎಣ್ಣೆ ಬಿಸಿಲಿಗೆ ಕರಗಿ, ಪೈಪನ್ನೇ ಹಿಡಿದುಕೊಂಡು ಹಿಂಭಾಗಕ್ಕೆ ಇಳಿಯುತ್ತಿತ್ತು. ನನ್ನ ಕಬ್ಬಿಣ, ಹಿತ್ತಾಳೆ, ತಾಮ್ರ ಎಲ್ಲವೂ ಅದರೊಳಗೇ ಇದ್ದವು.

ಷಡ್ಡಕನನ್ನು ಕರೆದು ತೋರಿಸಿದೆ. "ಯಾರ ಕೆಲಸ ಇದು?"

"ನಂದಽ ಅಣ್ಣಾ. ಶನಿವಾರ ಶನಿವಾರ ಹಚ್ಚತೀನಿ."

"ಹಚ್ಚಿದಾಂವ ನೀನು, ನಿನಗ ತಿಳೀಲಿಲ್ಲೇನು?"

"ದೇವರ ಎಣ್ಣಿ ಸೋರತೈತಿ ಅಂತ ಹ್ಯಾಂಗ ಅನ್ಕೊಳ್ಳಾಕ ಬರತೈತ್ರಿ?"

"ಹಚ್ಚಿದ್ಯಾಕ?"

"ದೃಷ್ಟಿ ತಾಕಬಾರದು ಅಂತ. ಅತ್ತಿಯವರು ಹೇಳಿದ್ರು."

"ಯಾರ ದೃಷ್ಟಿ?"

ಅವನು ನದಿ ನೋಡಿದ, ಬೇವಿನ ಮರ ನೋಡಿದ, ನನ್ನನ್ನೊಬ್ಬನನ್ನು ಬಿಟ್ಟು ಉಳಿದದ್ದೆಲ್ಲ ನೋಡಿದ.

"ಯಾರ ದೃಷ್ಟಿ ತಮ್ಮಾ?"

"ಅಣ್ಣಾ, ನೀವು ಫೋಟೋದಾಗ ಬೆರಳಿಟ್ಟು ತೋರಿಸಿದ್ರಲ್ಲ, ಆ ಎಮ್ಮಿ ಮರುವಾರದಿಂದ ಹಾಲು ಕೊಟ್ಟಿಲ್ರಿ."

ನಾನು ಕೈ ಒರೆಸಿಕೊಂಡು ಮನೆಗೆ ಬಂದೆ. ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.

"ಎಣ್ಣಿ ಜಾಸ್ತಿ ಆತೇನೋ. ಗಟ್ಟಿ ಕಲಸಬೇಕಿತ್ತು."

"ಏನಂದಿ?"

"ನಾನಽ ಕಲಸಿ ಗದ್ವಾಲ ಬಸ್ಸಿಗೆ ಇಟ್ಟು ಕಳಿಸ್ತಿದ್ದೆ. ಅವ್ವ ಕಲಸಿದ್ರ ತೆಳ್ಳಗ ಆಗತೈತಿ ಅಂತ."

"ನೀನೂನಾ?"

"ನಿಮ್ಮ ಕಣ್ಣ ನನಗಿಂತ ಚಲೋ ಯಾರಿಗೆ ಗೊತ್ತೈತ್ರಿ?"

ಮರುದಿನ ಬೋಟಿನ ಮುಂದೆ ಎಲ್ಲರೂ ಸೇರಿದರು. ಸಾಹುಕಾರರಿಗೆ ಇದ್ದದ್ದು ಇದ್ದ ಹಾಗೆ ಹೇಳಲೇಬೇಕಾಯಿತು. ಅವರು ಗಂಭೀರವಾಗಿ ಯೋಚಿಸಿದರು. "ಆಂಜನೇಯನ್ನ ಇಟ್ರ ಸೋರತೈತಿ. ತಗದ್ರ ಇವರ ಕಣ್ಣ ಬೀಳತೈತಿ. ನೀವಽ ಹೇಳ್ರಿ ಅವ್ವಾರ, ಏನ್ ಮಾಡೂದು?"

ಅತ್ತೆ ಸೆರಗು ಸರಿಮಾಡಿಕೊಂಡು ತೀರ್ಪು ಕೊಟ್ಟರು: "ತನ್ನದಕ್ಕ ತನ್ನ ದೃಷ್ಟಿ ತಾಕೂದಿಲ್ಲ. ಸ್ಟೇರಿಂಗ್ ಅವರ ಕೈಯಾಗ ಕೊಟ್ಟು ಬಿಡ್ರಿ."

ಸೋರಿಕೆ ಹಿಡಿದದ್ದಕ್ಕಲ್ಲ, ಕಣ್ಣು ಕೆಟ್ಟದ್ದೆಂದು ನನಗೆ ಬೋಟು ಬಂತು. ಹೇಗೆ ಬಂದರೇನು, ಬಂತು. ಆಂಜನೇಯನನ್ನು ಭಕ್ತಿಯಿಂದ ಒರೆಸಿ ಬೇವಿನ ಬುಡದಲ್ಲಿ ಕೂರಿಸಿದೆವು. ನಾನು ಕಿತ್ತಳೆ ಜಾಕೀಟು ತೊಟ್ಟೆ. ಹಿಂದೆ ಅತ್ತೆ, ಹೆಂಡತಿ, ನಾದಿನಿ, ಸಾಹುಕಾರರು ಕೂತರು. ಜಾಗ ಸಾಲದೆ ಷಡ್ಡಕ ದಂಡೆಯಲ್ಲೇ ಉಳಿದ.

ಬೋಟು ಬಹಳ ಚೆನ್ನಾಗಿ ಓಡಿತು. ತಳ ಒಣಗಿತ್ತು. "ಅಳಿಯಾರು ಎಷ್ಟ ನಾಜೂಕ ಹೊಡೀತಾರ!" ಎಂದರು ಅತ್ತೆ. ಅಂಥ ಮಾತು ಆ ಬಾಯಿಂದ ನಾನು ಕೇಳಿರಲಿಲ್ಲ. ನಡುನೀರಿನಲ್ಲಿ ಒಂದು ಸುತ್ತು ತಿರುಗಿಸಿ ದಂಡೆಯ ಕಡೆ ನೋಡಿದೆ. ಷಡ್ಡಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ನನ್ನನ್ನೇ ನೋಡುತ್ತಿದ್ದ. ಕಣ್ಣು ಮಿಟುಕಿಸಲಿಲ್ಲ.

ಎಂಜಿನ್ನು ಒಮ್ಮೆ ಕೆಮ್ಮಿತು. ಆಮೇಲೆ ಇನ್ನೊಮ್ಮೆ. ಆ ಎಂಜಿನ್ನು ಅಲ್ಲಿಯವರೆಗೆ ಎಂದೂ ಕೆಮ್ಮಿರಲಿಲ್ಲ.

ನಾನು ತಿರುಗದೆಯೇ, ಹಿಂದೆ ಕೂತ ಹೆಂಡತಿಗೆ ಮಾತ್ರ ಕೇಳುವ ಹಾಗೆ ಮೆಲ್ಲಗೆ ಕೇಳಿದೆ: "ಏ, ಸಿಂಧೂರ ಏನರ ಉಳದೈತೇನು?"