ಕಸೊಂಡೆಯ ಬಾಯಿ ಸೇರಿದ ಮೂಲಧಾತು

ಭಾನುವಾರ ಚರ್ಚಿನಲ್ಲಿ ಕಸೊಂಡೆ ಬಾಯ್ತೆರೆದು ಮಂದ್ರಸ್ವರ ಹಿಡಿದದ್ದೇ ತಡ, ಮುಂದಿನ ಸಾಲಿನ ಹೆಂಗಸರು ಮೂಗಿಗೆ ಬಟ್ಟೆ ಹಿಡಿದು ಒಬ್ಬೊಬ್ಬರಾಗಿ ಸರಿದರು. ಎರಡನೆಯ ಚರಣದ ಹೊತ್ತಿಗೆ ಅವನ ಸುತ್ತ ಒಂದು ಮಂಚ ಹಾಕುವಷ್ಟು ಜಾಗ ತೆರವಾಗಿತ್ತು. ತನ್ನ ಕಂಠದ ಗಾಂಭೀರ್ಯಕ್ಕೆ ಸಂದ ಗೌರವವಿದು ಎಂದುಕೊಂಡು ಅವನು ಮತ್ತಷ್ಟು ದೀರ್ಘವಾಗಿ ಉಸಿರು ಬಿಟ್ಟ. ಸರಿದವರಲ್ಲಿ ಅವನ ಹೆಂಡತಿ ಚಿಬೆಸಾಳೂ ಇದ್ದಳು.

ಕಾರಣ ಅವಳಿಗೆ ಹತ್ತು ದಿನದಿಂದ ಗೊತ್ತಿತ್ತು. ಗಂಡನ ಬಾಯಿ ಬೆಳ್ಳುಳ್ಳಿ ನಾರುತ್ತಿತ್ತು. ಮದುವೆಯಾದ ಹದಿನೆಂಟು ವರ್ಷದಲ್ಲಿ ಅವಳ ಅಡುಗೆಮನೆಗೆ ಬೆಳ್ಳುಳ್ಳಿಯ ಒಂದು ಎಸಳೂ ಕಾಲಿಟ್ಟಿರಲಿಲ್ಲ. (ಕಸೊಂಡೆಗೆ ಅದನ್ನು ಕಂಡರಾಗದು.) ಅಂದಮೇಲೆ ಇವನು ಉಣ್ಣುತ್ತಿರುವುದು ಯಾವ ಮಹಾತಾಯಿಯ ಮನೆಯಲ್ಲಿ? ಅವಳು ಕೇಳಲಿಲ್ಲ. ಕಿತ್ವೆಯ ಮಾರುಕಟ್ಟೆಯಿಂದ ಒಂದು ಚೀಲ ಬೆಳ್ಳುಳ್ಳಿ ತಂದು, ಸೊಪ್ಪಿಗೂ ಒಣಮೀನಿಗೂ ಜಜ್ಜಿ ಹಾಕಿ, ನ್ಶಿಮಾ ಮುದ್ದೆಯ ಪಕ್ಕ ಕುಕ್ಕತೊಡಗಿದಳು. ಕಸೊಂಡೆ ಮನೆಯ ಶಾಂತಿಗೋಸ್ಕರ ಕಣ್ಣು ಮುಚ್ಚಿ ನುಂಗಿದ. ನುಂಗಿದ್ದನ್ನು ಕಂಡು ಅವಳ ಅನುಮಾನ ಗಟ್ಟಿಯಾಯಿತು.

ಚರ್ಚಿನಿಂದ ಬಂದವಳೇ ಬಟ್ಟೆಗಂಟು ಕಟ್ಟಿ, ನಾನು ಬೆಳ್ಳುಳ್ಳಿ ತರುವ ಮೊದಲೇ ನಿಮ್ಮ ಬಾಯಿ ಅದೇ ನಾರುತ್ತಿತ್ತು, ಉಣಿಸಿದವಳ ಹತ್ತಿರವೇ ಇರಿ, ನಾನು ಕಸಾಮಾದ ತವರಿಗೆ ಹೊರಟೆ ಎಂದಳು. ಕಸೊಂಡೆ ಅಂಗೈಗೆ ಉಸಿರು ಬಿಟ್ಟು ಮೂಸಿದ. ಏನೂ ಇಲ್ಲ. ಆಗ ಅವನ ತಲೆಯಲ್ಲಿ ದೀಪ ಹೊತ್ತಿತು. ಅವನು ತಾಮ್ರ ಶುದ್ಧಿಮಾಡುವ ಕಾರ್ಖಾನೆಯ ಕೆಸರುತೊಟ್ಟಿಯ ಮೇಸ್ತ್ರಿ. ತಾಮ್ರ ತನ್ನೊಳಗಿನ ಬೆಳ್ಳಿ, ಬಂಗಾರ, ಇನ್ನೂ ಏನೇನನ್ನೋ ಕಕ್ಕುವುದು ಆ ಕೆಸರಿನಲ್ಲೇ. ಅದರಲ್ಲಿ ಟೆಲ್ಯುರಿಯಂ ಎಂಬ ಮೂಲಧಾತುವೊಂದಿದೆ. ಅದರ ಧೂಳು ಚಿಟಿಕೆಗಿಂತ ಎಷ್ಟೋ ಕಡಿಮೆ ಒಳಹೊಕ್ಕರೂ ಸಾಕು, ಉಸಿರು ತಿಂಗಳುಗಟ್ಟಲೆ ಬೆಳ್ಳುಳ್ಳಿ ನಾರುತ್ತದೆ. ಹೊತ್ತವನಿಗೆ ಮಾತ್ರ ಅದು ಗೊತ್ತಾಗುವುದಿಲ್ಲ.

ಇದನ್ನೆಲ್ಲ ಅವನು ಹೇಳಿದ. ಕೇಳುವ ಕಿವಿಯನ್ನು ಚಿಬೆಸಾ ಹದಿನೈದು ವರ್ಷದ ಹಿಂದೆಯೇ ಮುಚ್ಚಿದ್ದಳು. ಹೀಲಿಯಂ ಮೊದಲು ಸಿಕ್ಕಿದ್ದು ಸೂರ್ಯನಲ್ಲಿ, ಭೂಮಿಯಲ್ಲಿ ಆಮೇಲೆ. ಗ್ಯಾಲಿಯಂ ಎಂಬ ಲೋಹ ಅಂಗೈಯಲ್ಲೇ ಬೆಣ್ಣೆಯಂತೆ ಕರಗುತ್ತದೆ. ಇಂಥ ಜ್ಞಾನದಾನವಿಲ್ಲದೆ ಆ ಮನೆಯಲ್ಲಿ ಊಟ ಮುಗಿಯುತ್ತಿರಲಿಲ್ಲ. ಅವಳ ಸೋದರತ್ತೆ ಬಂದಿದ್ದಾಗ, ಬಂಗಾರದಾಸೆಗೆ ಒಬ್ಬಾತ ಮೂತ್ರ ಕುದಿಸಿ ರಂಜಕ ಕಂಡುಹಿಡಿದ ಪ್ರಸಂಗವನ್ನು ಸಾರು ಬಡಿಸುವಾಗಲೇ ವರ್ಣಿಸಿದ್ದ. ಅತ್ತೆ ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

"ಲೊಂಬೆಯ ಅಪ್ಪ, ಇಷ್ಟು ದಿನ ನಿಮ್ಮ ಧಾತುಗಳನ್ನು ಸಹಿಸಿದೆ. ಈಗ ಅವುಗಳ ಹಿಂದೆ ಒಬ್ಬಳನ್ನು ಬಚ್ಚಿಡಬೇಡಿ," ಎಂದಳು ಚಿಬೆಸಾ, ಎಂದಿನಂತೆ ಹಿರಿಯ ಮಗುವಿನ ಹೆಸರು ಹಿಡಿದು ಗಂಡನನ್ನು ಕರೆದು.

ಅವರಲ್ಲಿ ಗಂಡಹೆಂಡಿರ ಜಗಳ ಮೊದಲು ಹೋಗುವುದು ಶಿಬುಕೊಂಬೆಯ ಬಳಿಗೆ. ಗಂಡಿನ ಪರವಾಗಿ ಹೆಣ್ಣು ಕೇಳಲು ಹೋದ ಮಧ್ಯಸ್ಥ ಅವನೇ. ಕುದುರಿಸಿದ ತಪ್ಪಿಗೆ ರಿಪೇರಿಯೂ ಅವನದೇ. ಇವರ ಶಿಬುಕೊಂಬೆ, ಮುದುಕ ಮುಕೂಕಾ, ಬಂದು ಗಂಟನ್ನೂ ಗಂಡನನ್ನೂ ನೋಡಿ ಕುಳಿತ. ಅಜ್ಜ ಹೋಗು ಎಂದರೆ ಚಿಬೆಸಾ ಹೋದಂತೆಯೇ.

"ಇವನು ಬೇರೆ ಮನೇಲಿ ಉಂಡದ್ದನ್ನ ನೋಡಿದ್ದೀಯೇನವ್ವ?"

"ನೋಡೋದ್ಯಾಕಜ್ಜ, ಮೂಗಿದೆಯಲ್ಲ."

ಮುಕೂಕಾ ಎದ್ದು ಬಂದು ಕಸೊಂಡೆಯ ಬಾಯಿ ಮೂಸಿದ. ತೋಳೆತ್ತಿಸಿ ಕಂಕುಳು ಮೂಸಿದ. ಆಮೇಲೆ ಕಿಟಕಿಯ ಬಳಿ ಹೋಗಿ ಸ್ವಲ್ಪ ಹೊತ್ತು ಹೊರಗಿನ ಗಾಳಿ ಕುಡಿದ.

"ಇದು ಅಡುಗೆಮನೆ ವಾಸನೆಯಲ್ಲ, ಕೆಸರುತೊಟ್ಟಿದು. ನಾನೂ ಅಲ್ಲಿ ಇಪ್ಪತ್ತಾರು ವರ್ಷ ದುಡಿದೋನು. ಒಂದು ಸಲ ನನಗೂ ಹತ್ತಿತ್ತು. ನಾಲ್ಕು ತಿಂಗಳು ನಮ್ಮ ನಾಯಿ ಕೂಡ ಹತ್ತಿರ ಬರಲಿಲ್ಲ."

ಚಿಬೆಸಾ ಗಂಟಿನ ಮೇಲೇ ಕುಳಿತುಬಿಟ್ಟಳು. ಮೊದಲು ಕಣ್ಣೊರೆಸಿಕೊಂಡಳು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ಉಳಿದ ಬೆಳ್ಳುಳ್ಳಿಯನ್ನು ಚೀಲದ ಸಮೇತ ಅಜ್ಜನಿಗೆ ದಕ್ಷಿಣೆಯಾಗಿ ಒಪ್ಪಿಸಿದಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಒಂದು ಮೂಲಧಾತು ತನ್ನ ಪರವಾಗಿ ಸಾಕ್ಷಿ ನುಡಿಯಿತೆಂದು ಕಸೊಂಡೆಯ ಕಣ್ಣೂ ತೇವವಾಯಿತು. ಬೆಳ್ಳುಳ್ಳಿಯಿಲ್ಲದ ಸೊಪ್ಪು ಬಂತು. ಅವನ ತಟ್ಟೆಯನ್ನು ಮಾತ್ರ ಬಾಗಿಲಾಚೆ, ಗಾಳಿ ಬೀಸುವ ದಿಕ್ಕು ನೋಡಿ ಇಟ್ಟಿದ್ದರು.

ಒಳಗಿನಿಂದ ಮುಕೂಕಾ ಕೇಳಿದ: "ನಮ್ಮ ಕಾಲದಲ್ಲಿ ಮಾಸ್ಕ್ ಇರಲಿಲ್ಲ. ನಿಮಗೆ ಕೊಡ್ತಾರಲ್ಲೋ?"

"ಕೊಡ್ತಾರೆ ಅಜ್ಜ. ಹಾಕಿದ್ದೆ, ಆಮೇಲೆ ತೆಗೆದೆ."

ಚಿಬೆಸಾಳ ಕೈ ಸೌಟಿನಲ್ಲೇ ನಿಂತಿತು. "ಮತ್ತೆ ಯಾಕೆ ತೆಗೆದಿರಿ?"

ಕಸೊಂಡೆ ತುತ್ತು ನುಂಗಿ ಹೇಳಿದ: "ಮಾಸ್ಕ್ ತೆಗೆದರೆ ಏನಾಗುತ್ತೆ ಅಂತ ಹೊಸಬರಿಗೆ ವಿವರಿಸೋಕೆ."