ಲೀನುಸನ ಹೊಳೆ ಕರೆಂಟು

ಭಾನುವಾರ ಪೂಜೆ ಮುಗಿಸಿ ಚರ್ಚಿನ ಮುಂದೆ ಅಡಿಕೆ ಜಗಿಯುತ್ತ ನಿಂತಿದ್ದಾಗ ಲೀನುಸ್ ಸುಮ್ಮನಿದ್ದಿದ್ದರೆ ಸಾಕಿತ್ತು. ಬುಧವಾರ ಆಸ್ಟ್ರೇಲಿಯಾದಲ್ಲಿ ಮರೂನ್ ತಂಡಕ್ಕೂ ನೀಲಿ ತಂಡಕ್ಕೂ ರಗ್ಬಿ. ಸಮುದ್ರದ ಈಚೆ, ಸೆಪಿಕ್ ಹೊಳೆಯ ದಂಡೆಯ ತಂಬರಿ ಊರಿನಲ್ಲಿ ಆ ಆಟದ ದಿನ ಗಂಡ ಹೆಂಡತಿಯೇ ಮಾತು ಬಿಡುತ್ತಾರೆ. ಈ ಸಲ ಟೀವಿ ಹಾಕಲು ಊರಿನ ಜನರೇಟರಿಗೆ ಹನಿ ಪೆಟ್ರೋಲಿಲ್ಲ ಎಂದು ಎಲ್ಲರೂ ಹಲುಬುತ್ತಿದ್ದಾಗ, "ಪೆಟ್ರೋಲ್ ಯಾಕೆ? ನನ್ನ ಚಕ್ರ ಇದೆಯಲ್ಲ. ನಮ್ಮನೆಗೇ ಬನ್ನಿ" ಎಂದುಬಿಟ್ಟ.

ಚಕ್ರವೇನೋ ಇತ್ತು. ಎರಡು ದೋಣಿಗಳ ನಡುವೆ ಸೀಳಿದ ಎಣ್ಣೆ ಡ್ರಮ್ಮಿನ ರೆಕ್ಕೆಗಳು, ಸೈಕಲ್ ಚೈನು, ಹಳೇ ಲಾರಿಯ ಡೈನಮೊ, ಒಂದು ಬ್ಯಾಟರಿ. ಅದರಿಂದ ಇಲ್ಲಿಯವರೆಗೆ ಹೊತ್ತಿದ್ದು ಒಂದೇ ಬಲ್ಬು; ಅದೂ ಜ್ವರ ಬಂದ ಮಿಂಚುಹುಳದ ಹಾಗೆ. ತಂಬರಿಯ ಮುಂದೆ ಹೊಳೆ ಹರಿಯುತ್ತಿದೆಯೋ ಮಲಗಿದೆಯೋ ಎಂದು ತಿಳಿಯಲು ಎಲೆ ಎಸೆದು ನೋಡಬೇಕು.

ಬುಧವಾರ ಬೆಳಗಾಗುವ ಹೊತ್ತಿಗೆ ಲೀನುಸ್ ಮೂರು ಸಲ ರೇವಿಗೆ ಹೋಗಿ ಚಕ್ರ ನೋಡಿ ಬಂದಿದ್ದ. ಹೆಂಡತಿ ರೋಸ್ವಿತಾ ಸಾಗೋ ರೊಟ್ಟಿ ಮುಂದಿಟ್ಟರೂ ಮುಟ್ಟಲಿಲ್ಲ.

"ನಮ್ಮಣ್ಣ ಟೀವಿ ಹೊತ್ಕೊಂಡು ಕೆಳಗಿನ ಪೇಟೆಯಿಂದ ಹೊರಟಾಗಿದೆ," ಎಂದಳು ಅವಳು. "ಅವನ ಮುಂದೆ ನನ್ನ ಮಾನ ಕಳೀಬೇಡ."

"ಬ್ಯಾಟರಿ ತುಂಬತ್ತೆ ಬಿಡು."

"ತುಂಬತ್ತೆ ಅಂತ ಹೇಳ್ತಾ ಇದೀಯೋ, ಕೇಳ್ತಾ ಇದೀಯೋ?"

ಲೀನುಸ್ ರೇವಿಗೆ ಓಡಿದ. ಅರ್ಧ ಊರು ಆಗಲೇ ಅಲ್ಲಿ ಸೇರಿತ್ತು. ಚಕ್ರ, ಸೊಂಟ ಹಿಡಿದ ಮುದುಕಿ ಮೆಟ್ಟಿಲು ಹತ್ತುವ ಹಾಗೆ, ಒಂದೊಂದು ರೆಕ್ಕೆಗೂ ಸುಧಾರಿಸಿಕೊಂಡು ತಿರುಗುತ್ತಿತ್ತು.

"ರೆಕ್ಕೆ ಸಾಲ್ದು," ಎಂದಳು ಪಕ್ಕದ ಮನೆಯ ಬರ್ನಡೆಟ್ ಅತ್ತೆ. ಅಡಿಗೆಮನೆಯ ಮಾಡಿನಿಂದಲೇ ತಗಡು ಕಿತ್ತು ತಂದಿದ್ದಳು. ಲೀನುಸ್ ಬೇಡ ಎನ್ನುವುದರೊಳಗೆ ನಾಲ್ಕು ಜನ ಅದನ್ನು ಚಕ್ರಕ್ಕೆ ಬಡಿದರು. ಭಾರಕ್ಕೆ ಚಕ್ರ ನಿಂತೇ ಹೋಯಿತು. ಬಡಿದದ್ದನ್ನು ಕೀಳುವಷ್ಟರಲ್ಲಿ ಬಿಸಿಲೇರಿತು.

ಆಗ ಲೀನುಸನ ಸೋದರಮಾವ ಕಮಂಗು ಮುಂದೆ ಬಂದ. "ನೀರು ಅಗಲಕ್ಕೆ ಹರಡ್ಕೊಂಡು ಬಿದ್ದಿದೆ ಕಣೋ. ಅದನ್ನ ಒತ್ತಿ ಒಂದು ಕಡೆಗೆ ತಿರುಗಿಸ್ಬೇಕು. ದೋಣಿ ತನ್ನಿ."

"ಎಷ್ಟು ದೋಣಿ ಮಾವ?"

"ಎಲ್ಲಾ."

"ಹಗ್ಗ ತಡೀಬೇಕಲ್ಲ ಮಾವ."

"ಮೊಸಳೆ ಕಟ್ಟಿದ ಹಗ್ಗ ಅದು. ನಿನ್ನ ಹೊಳೆನೀರಿಗೆ ಹರಿಯತ್ತಾ?"

ಮಧ್ಯಾಹ್ನದ ಹೊತ್ತಿಗೆ ಊರಿನ ದೋಣಿಗಳೆಲ್ಲ ಒಂದಕ್ಕೊಂದೂ, ಹೊಳೆಯಲ್ಲಿ ನೆಟ್ಟ ಗೂಟಗಳಿಗೂ ಕಟ್ಟಿಸಿಕೊಂಡು ಹೊಳೆಯೊಳಗೆ ಓರೆಯಾಗಿ ಎರಡು ಬೇಲಿಗಳಾದವು. ಮೇಲುಗಡೆ ಅಗಲ ಬಾಯಿ, ಕೆಳಗೆ ಕಿರಿದಾಗುತ್ತ ಬಂದು ಚಕ್ರದ ಹತ್ತಿರ ಕತ್ತು. ನೀರು ನುಗ್ಗಿತು. ಚಕ್ರ ಗಿರ್ರನೆ ತಿರುಗಿತು. ಬಲ್ಬು ಕಣ್ಣು ಕುಕ್ಕಿತು. ಕಮಂಗು ಮಾವ ಹೊಳೆಯನ್ನು ತಾನೇ ಹೆತ್ತವನ ಹಾಗೆ ಎದೆ ಉಬ್ಬಿಸಿ ನಿಂತ.

ಲೀನುಸನ ಎದೆ ಮಾತ್ರ ಹಗುರಾಗಲಿಲ್ಲ. ಅವನ ಬದುಕಿನಲ್ಲಿ ಏನೂ ಇಷ್ಟು ಸಲೀಸಾಗಿ ನಡೆದಿರಲಿಲ್ಲ. ಚಕ್ರದ ದೋಣಿಯಲ್ಲೇ ಬ್ಯಾಟರಿಯನ್ನು ಕಾಲುಗಳ ನಡುವೆ ಅವುಚಿಕೊಂಡು ಕುಳಿತ.

ಆಗ ಮೇಲಿನ ತಿರುವಿನಲ್ಲಿ, ದಂಡೆಯಿಂದ ಕಿತ್ತುಬಂದ ಹುಲ್ಲಿನ ಗಡ್ಡೆಯೊಂದು ತೇಲುತ್ತ ಕಾಣಿಸಿತು. ಚರ್ಚಿನಷ್ಟು ಅಗಲ, ಮೇಲೆ ಎರಡು ಬೆಳ್ಳಕ್ಕಿ. ಬೇರೆ ದಿನವಾಗಿದ್ದರೆ ಅದು ನಡುಹೊಳೆಯಲ್ಲಿ ತನ್ನ ಪಾಡಿಗೆ ಹೋಗುತ್ತಿತ್ತು. ಇವತ್ತು ನೇರವಾಗಿ ಬೇಲಿಯ ತೆರೆದ ಬಾಯಿಗೇ ಬಂತು.

"ಮಾವ, ಹಗ್ಗ ಬಿಚ್ಚಿ ಮಾವ."

"ಹೆದರ್ಬೇಡ, ತಡಿಯತ್ತೆ."

ಹಗ್ಗ ತಡೆಯಿತು. ಗೂಟಗಳು ಬುಡಸಮೇತ ಕಿತ್ತು ಬಂದವು. ಒಂದೂ ಗಂಟು ಬಿಡದ ದೋಣಿಗಳೆಲ್ಲ ಚಕ್ರವನ್ನೂ ಲೀನುಸನನ್ನೂ ನಡುವೆ ಕೂರಿಸಿಕೊಂಡು ದಿಬ್ಬಣದಂತೆ ಕೆಳಕ್ಕೆ ಹೊರಟವು. ಬೆನ್ನಟ್ಟಲು ಊರಿನಲ್ಲಿ ದೋಣಿ ಉಳಿದಿರಲಿಲ್ಲ. ಕಮಂಗು ಮಾವ ಬರೀ ಹುಟ್ಟು ಹಿಡಿದು ದಡದ ಮೇಲೆ ನಿಂತಿದ್ದ.

"ಎಲ್ಲಿಗೆ ಹೊರಟೆ?" ಎಂದು ರೋಸ್ವಿತಾ ಕೂಗಿದಳು. ಲೀನುಸನಿಗೂ ಗೊತ್ತಿರಲಿಲ್ಲ. ಈಜಿ ದಡ ಸೇರಬಹುದಿತ್ತು. ಆದರೆ ನೀರಿನಲ್ಲಿ ಮೊಸಳೆಗಳಿದ್ದವು, ದಡದಲ್ಲಿ ಊರಿನವರಿದ್ದರು. ಎರಡನ್ನೂ ತೂಗಿ ನೋಡಿ ಕೂತಲ್ಲೇ ಕೂತ.

ಸಂಜೆಗೆ ಯೆಂಗೊರಿ ಊರಿನ ರೇವಿನ ಕಂಬಗಳಿಗೆ ದೋಣಿಗಳು ಸಿಕ್ಕಿಕೊಂಡವು. ಮೀನು ಹಿಡಿಯುವ ಜಾಗದ ಜಗಳದಿಂದ ಯೆಂಗೊರಿಯವರಿಗೂ ತಂಬರಿಯವರಿಗೂ ಆಗುತ್ತಿರಲಿಲ್ಲ. ಏಟು ಬೀಳಬಹುದೆಂದು ಲೀನುಸ್ ತಲೆಯೆತ್ತಿದರೆ, ರೇವಿನಲ್ಲಿ ಟೀವಿ ಪೆಟ್ಟಿಗೆಯ ಮೇಲೆ ರೋಸ್ವಿತಾಳ ಅಣ್ಣ ಸಪುಯಿ ಮುಖ ಇಳಿಬಿಟ್ಟು ಕೂತಿದ್ದ.

"ಮೋಟಾರು ದೋಣಿ ಪೆಟ್ರೋಲ್ ಇಲ್ಲೇ ಮುಗೀತು ಭಾವ," ಎಂದ ಸಪುಯಿ. ಸಾಲುಗಟ್ಟಿದ ದೋಣಿಗಳನ್ನು ನೋಡಿದ. "ನನ್ನೊಬ್ಬನ್ನ ಕರ್ಕೊಂಡು ಹೋಗೋಕೆ ಇಷ್ಟೊಂದು ತರ್ಬೇಕಿತ್ತಾ?"

ಲೀನುಸನ ಹಿಂದೆ ಗಡಗಡ ಸದ್ದಾಯಿತು. ಯೆಂಗೊರಿಯ ತಿರುವಿನ ಸೆಳೆತಕ್ಕೆ ಚಕ್ರ ಹುಚ್ಚೆದ್ದು ತಿರುಗುತ್ತಿತ್ತು. ಆ ಊರಿನ ಹಿರಿಯ ಗವಿ ಚಕ್ರ ನೋಡಿದ, ಬ್ಯಾಟರಿ ನೋಡಿದ, ಟೀವಿ ಪೆಟ್ಟಿಗೆ ನೋಡಿದ.

"ಬಾ ಮಗಾ," ಎಂದ. "ಮೊದಲು ಊಟ ಮಾಡು."

ಆಟ ಶುರುವಾದಾಗ ಪರದೆ ಫಳಫಳ ಹೊಳೆಯಿತು. ಯೆಂಗೊರಿಯವರು ಕೂಗಿ ಕುಣಿದರು. ಲೀನುಸ್ ಹೊಗೆಯಾಡಿಸಿದ ಮೀನು ಕೈಯಲ್ಲಿ ಹಿಡಿದು ಊರ ಕಡೆಯ ದಾರಿಯನ್ನೇ ನೋಡುತ್ತಿದ್ದ. ಆಟ ಮುಗಿಯಲು ಸ್ವಲ್ಪವೇ ಇದೆ ಎನ್ನುವಾಗ ತಂಬರಿಯವರು ಬಂದರು. ಜೌಗಿನಲ್ಲಿ ನಡೆದು ಸೊಂಟದವರೆಗೂ ಕೆಸರು. ಲೀನುಸ್ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ. ಯಾರೂ ಬೈಯಲಿಲ್ಲ. ಅವನನ್ನು ದಾಟಿಕೊಂಡು ಹೋಗಿ ಟೀವಿಯ ಮುಂದೆ ಕೂತರು.

ಆಟ ಮುಗಿದ ಮೇಲೆ ಕಮಂಗು ಮಾವ ಗವಿಯ ಎದುರು ನಿಂತ. "ನಮ್ಮ ದೋಣಿ ನಮಗೆ ಕೊಟ್ಬಿಡಿ."

"ತಗೊಂಡು ಹೋಗಿ. ಟೀವಿ, ಚಕ್ರ ಮಾತ್ರ ಇಲ್ಲಿರ್ಲಿ. ಇನ್ನೂ ಎರಡು ಆಟ ಇದೆ. ನಿಮ್ಮೂರಲ್ಲಿ ಅದು ತಿರುಗಲ್ಲ."

"ನೋಡೋಕೆ ನಾವೂ ಬರ್ತೀವಿ. ಮುಂದಿನ ಸಾಲು ನಮಗೆ."

"ಆಗ್ಲಿ."

"ಮಾವ, ಚಕ್ರ ನಂದು," ಎಂದ ಲೀನುಸ್.

"ನಿಂದೇ ಕಣೋ. ಯಾರು ಇಲ್ಲ ಅಂದ್ರು?"

ಗವಿಗೆ ಒಂದು ಅನುಮಾನ ಉಳಿದಿತ್ತು. "ಅದು ಕೆಟ್ರೆ ರಿಪೇರಿ ಯಾರು ಮಾಡ್ತಾರೆ?"

ಕಮಂಗು ಮಾವ ಲೀನುಸನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದ. "ಇವನೂ ಅದರ ಜೊತೆಗೇ," ಎಂದ.

ಇಬ್ಬರು ಹಿರಿಯರೂ ಕೈ ಕುಲುಕಿದರು. ಬರ್ನಡೆಟ್ ಅತ್ತೆಯೂ ಒಳ್ಳೆಯ ತೀರ್ಮಾನ ಎಂದಳು. ಲೀನುಸ್ ಕೊನೆಯ ಆಸೆಯಿಂದ ಹೆಂಡತಿಯ ಕಡೆ ನೋಡಿದ. ರೋಸ್ವಿತಾ ಆಗಲೇ ಅಣ್ಣನ ಜೊತೆ ದೋಣಿಯಲ್ಲಿ ಕೂತಿದ್ದಳು. ಗಂಡನ ಮುಖ ಕಂಡು ಅವಳ ಮನಸ್ಸು ಕರಗಿತು.

"ಸೊಳ್ಳೆಪರದೆ ಯಾರ ಕೈಲಾದ್ರೂ ಕಳಿಸ್ತೀನಿ," ಎಂದು ಹೇಳಿ ಹುಟ್ಟು ಹಾಕಿದಳು.